ಇಂಟರ್‌ವಲ್ ಆದಮೇಲೆ ಸಿನಿಮಾ ಯಾಕೆ ಬೀಳುತ್ತದೆ?

ಪ್ರಶ್ನೆ: ಕನ್ನಡ ಸಿನಿಮಾಗಳನ್ನು ಥಿಯೇಟರ್‌ಗೇ ಹೋಗಿ ನೋಡುವವನು ನಾನು. ಎಷ್ಟೋ ಸಿನಿಮಾಗಳು ಇಂಟರ್‌ವಲ್‌ವರೆಗೂ ಚೆನ್ನಾಗಿರುತ್ತವೆ. ಆಮೇಲೆ ಕಥೆ ಎಲ್ಲೆಲ್ಲೋ ಹೋಗಿ, ಕೊನೆಗೆ ಹೇಗೋ ಮುಗಿಸಿದ ಹಾಗೆ ಅನ್ನಿಸುತ್ತದೆ. ಇದು ದುಡ್ಡಿನ ಕೊರತೆಯೋ, ಬರೆಯುವವರ ಕೊರತೆಯೋ? ಇನ್ನೊಂದು ವಿಷಯ. ನನ್ನ ಚಿಕ್ಕಪ್ಪನ ಮಗ ಸೈಟ್ ಮಾರಿದ ದುಡ್ಡಿನಲ್ಲಿ ಸ್ವಲ್ಪವನ್ನು ಗೆಳೆಯನ ಸಿನಿಮಾಗೆ ಹಾಕುತ್ತೇನೆ ಅನ್ನುತ್ತಿದ್ದಾನೆ. ಅವನು ಏನೇನು ಕೇಳಿ ತಿಳಿದುಕೊಳ್ಳಬೇಕು?
(ಒಬ್ಬ ಓದುಗರು, ದಾವಣಗೆರೆ)

ಉತ್ತರ: ನಮಸ್ಕಾರ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಎಡಿಟಿಂಗ್ ರೂಮಿನಲ್ಲಿ ಕಳೆದವನು ನಾನು. ‘ಆ ಸಿನಿಮಾ ಎಷ್ಟು ಕೋಟಿ ಮಾಡಿತು’ ಅಂತ ಕೇಳುವವರು ದಿನಾ ಸಿಗುತ್ತಾರೆ. ಇಂಟರ್‌ವಲ್ ಆದಮೇಲೆ ಏನಾಯಿತು ಅಂತ ಕೇಳುವವರು ಅಪರೂಪ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬರೆಯುವವರಿಗೆ ನಮ್ಮಲ್ಲಿ ಬರ ಬಂದಿಲ್ಲ. ಎಷ್ಟೋ ಸಲ ದುಡ್ಡಿಗೂ ಬರ ಇರುವುದಿಲ್ಲ. ಬರ ಇರುವುದು ದಿನಗಳಿಗೆ. ಆ ದಿನಗಳು ಕಡಿಮೆ ಬೀಳುವುದು ಎರಡು ಕಡೆ. ಒಂದು, ಶೂಟಿಂಗ್‌ಗೆ ಮೊದಲಿನ ಬರವಣಿಗೆಯಲ್ಲಿ. ಇನ್ನೊಂದು, ಶೂಟಿಂಗ್ ಆದಮೇಲಿನ ಕೊನೆಯ ಕೆಲಸದಲ್ಲಿ. ಇಡೀ ಸಿನಿಮಾದಲ್ಲಿ ಅತಿ ಕಡಿಮೆ ಖರ್ಚಿನ ಕೆಲಸಗಳು ಇವೆರಡೇ. ಆದರೂ ಕತ್ತರಿ ಮೊದಲು ಬೀಳುವುದು ಇವುಗಳ ಮೇಲೆಯೇ. ನನಗೆ ತುಂಬಾ ನೋವು ಕೊಡುವ ವಿಷಯ ಇದು.

ಯಾಕೆ ಹೀಗಾಗುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ನಮ್ಮ ಸಿನಿಮಾ ವ್ಯವಹಾರ ನಡೆಯುವ ಬೆಂಗಳೂರಿನ ಗಾಂಧಿನಗರದಲ್ಲಿ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಮಾತಾಡುವುದಿಲ್ಲ. ‘ಎರಡು ರೂಪಾಯಿ’, ‘ಎರಡೂವರೆ’, ‘ಮೂರು’ ಅನ್ನುತ್ತಾರೆ. ಅಂದರೆ ನೂರಕ್ಕೆ ತಿಂಗಳಿಗೆ ಇಷ್ಟು ಅಂತ. ಒಬ್ಬ ನಿರ್ಮಾಪಕರು ತಮ್ಮ ದುಡ್ಡಿನ ಜೊತೆಗೆ 3 ಕೋಟಿ ಸಾಲ ತಂದರು ಅಂದುಕೊಳ್ಳಿ, ಎರಡೂವರೆ ರೂಪಾಯಿ ಬಡ್ಡಿಗೆ. ತಿಂಗಳಿಗೆ 7.5 ಲಕ್ಷ ಆಯಿತು. ದಿನಕ್ಕೆ 25,000. ಶೂಟಿಂಗ್ ನಡೆಯಲಿ, ಬಿಡಲಿ, ಬೆಳಗಾದರೆ 25,000 ಹೋಯಿತು. ಅವರ ಎದುರು ಕೂತು ನಾನು, ‘ಸಾರ್, ಸೆಕೆಂಡ್ ಹಾಫ್ ಇನ್ನೂ ಕೂತಿಲ್ಲ, ಇಪ್ಪತ್ತು ದಿನ ಬೇಕು’ ಅಂದರೆ ಅವರ ಕಿವಿಗೆ ಕೇಳಿಸುವುದು ‘ಇನ್ನೂ ಐದು ಲಕ್ಷ ಬೇಕು’ ಅಂತ. ನನ್ನ ಸಂಬಳವಾಗಲಿ, ಎಡಿಟಿಂಗ್ ರೂಮಿನ ಬಾಡಿಗೆಯಾಗಲಿ ಆ ಐದು ಲಕ್ಷದಲ್ಲಿ ಸೇರಿಲ್ಲ. ಅಷ್ಟೂ ಬರೀ ಬಡ್ಡಿ.

ಬ್ಯಾಂಕಿನಿಂದ ಸಾಲ ತರಬಹುದಲ್ವಾ ಅಂತ ನೀವು ಕೇಳಬಹುದು. ಸಿನಿಮಾಗೆ ಉದ್ಯಮದ ಸ್ಥಾನ ಕೊಡುವುದಾಗಿ ಕೇಂದ್ರ ಸರ್ಕಾರ 1998ರಲ್ಲೇ ಹೇಳಿತು. ಆದರೆ ಬ್ಯಾಂಕಿಗೆ ಅಡಮಾನ ಬೇಕು, ಕಾಗದಪತ್ರ ಬೇಕು, ಹಿಂದಿನ ಲೆಕ್ಕ ಬೇಕು. ಮೊದಲನೇ ಸಿನಿಮಾ ಮಾಡುವವರ ಹತ್ತಿರ ಇರುವುದು ಒಂದು ಕಥೆ ಮಾತ್ರ. ಹಾಗಾಗಿ ಅವರು ಹೋಗುವುದು ಫೈನಾನ್ಸರ್ ಹತ್ತಿರವೇ.

ಈಗ ನಿಮ್ಮ ಸೆಕೆಂಡ್ ಹಾಫ್‌ಗೆ ಬರುತ್ತೇನೆ.

ನಮ್ಮಲ್ಲಿ ಕಥೆ ಓದುವುದು ಕಡಿಮೆ, ‘ಕಥೆ ಹೇಳುವುದು’ ಜಾಸ್ತಿ. ನಿರ್ದೇಶಕ ಹೀರೋ ಮುಂದೆ ಕೂತು ಕಥೆ ಹೇಳುತ್ತಾನೆ. ನಿರ್ಮಾಪಕರ ಮುಂದೆ ಹೇಳುತ್ತಾನೆ. ಹಂಚಿಕೆದಾರರ ಮುಂದೆಯೂ ಹೇಳುತ್ತಾನೆ. ಪ್ರತಿ ಸಲವೂ ಶುರುವಾಗುವುದು ಮೊದಲ ಸೀನಿನಿಂದ. ಎಂಟ್ರಿ ಹೇಳುತ್ತಾನೆ, ಕಾಮಿಡಿ ಟ್ರ್ಯಾಕ್ ಹೇಳುತ್ತಾನೆ, ಇಂಟರ್‌ವಲ್ ಬ್ಲಾಕ್ ಹೇಳುತ್ತಾನೆ. ಇಂಟರ್‌ವಲ್‌ಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ ಆಗಿರುತ್ತದೆ. ಕೇಳುವವರ ಫೋನ್ ಬರುತ್ತದೆ, ಊಟದ ಹೊತ್ತಾಗುತ್ತದೆ. ‘ಆಮೇಲೆ ಹಿಂಗಿಂಗೆ ಆಗಿ, ಕೊನೆಗೆ ದೊಡ್ಡ ಫೈಟು, ಎಮೋಷನ್ ಸಾರ್’ ಅಂತ ಐದು ನಿಮಿಷದಲ್ಲಿ ಮುಗಿಯುತ್ತದೆ. ಇಂಥ ಮೂವತ್ತು ಸಿಟ್ಟಿಂಗ್ ಆದವು ಅಂದರೆ ಮೊದಲರ್ಧ ಮೂವತ್ತು ಸಲ ಕೇಳುಗರ ಮುಖ ನೋಡಿ ತಿದ್ದುಪಡಿ ಕಂಡಿರುತ್ತದೆ. ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ಅಂತ ನಿರ್ದೇಶಕನಿಗೆ ಗೊತ್ತು. ಎರಡನೇ ಅರ್ಧವನ್ನು ಯಾರೂ ಪೂರ್ತಿ ಕೇಳಿರುವುದೇ ಇಲ್ಲ. ಅದು ‘ನೋಡ್ಕೊಳ್ಳೋಣ ಬಿಡಿ’ ಅನ್ನುವ ಸ್ಥಿತಿಯಲ್ಲೇ ಶೂಟಿಂಗ್‌ಗೆ ಹೋಗುತ್ತದೆ. ಅಷ್ಟರಲ್ಲಿ ಅಡ್ವಾನ್ಸ್ ಕೈಗೆ ಬಂದಿರುತ್ತದೆ. ಬಡ್ಡಿ ಓಡಲು ಶುರುವಾಗಿರುತ್ತದೆ. ಇನ್ನು ಕೂತು ಬರೆಯುವುದೆಲ್ಲಿ?

ಶೂಟಿಂಗ್‌ನಲ್ಲೂ ಪೆಟ್ಟು ಬೀಳುವುದು ಕೊನೆಗೇ. ಕ್ಲೈಮ್ಯಾಕ್ಸ್‌ಗೆ ಜನ ಜಾಸ್ತಿ ಬೇಕು, ಸೆಟ್ ಬೇಕು. ಅದಕ್ಕೇ ಅದನ್ನು ಕೊನೆಯ ಶೆಡ್ಯೂಲ್‌ಗೆ ಇಟ್ಟುಕೊಳ್ಳುತ್ತಾರೆ. ಅಲ್ಲಿಗೆ ಬರುವಾಗ ಬಜೆಟ್ ಬರಿದಾಗಿರುತ್ತದೆ. ಎಂಟು ದಿನ ಅಂದುಕೊಂಡಿದ್ದು ಮೂರೂವರೆ ದಿನಕ್ಕೆ ಇಳಿಯುತ್ತದೆ. ಆ ಫುಟೇಜ್ ನನ್ನ ಟೇಬಲ್‌ಗೆ ಬಂದಾಗ ನೋಡಿದ ಕೂಡಲೇ ಗೊತ್ತಾಗುತ್ತದೆ. ಮೊದಲ ಶೆಡ್ಯೂಲ್‌ನಲ್ಲಿ ಒಂದು ಮಾತಿಗೆ ಮೂರು ಕಡೆಯಿಂದ ಶಾಟ್ ಇರುತ್ತದೆ. ಎದುರಿನವನು ಕೇಳಿಸಿಕೊಳ್ಳುವ ಮುಖವೂ ಇರುತ್ತದೆ. ಕೊನೆಯ ಶೆಡ್ಯೂಲ್‌ನಲ್ಲಿ ಮಾತಾಡುವವನ ಮುಖ ಒಂದೇ. ಕೇಳುವವನ ಮುಖ ತೆಗೆಯಲು ಹೊತ್ತು ಸಾಕಾಗಿಲ್ಲ. ನಿಜ ಹೇಳಬೇಕೆಂದರೆ ಅಳು ಬರಿಸುವುದು ಆ ಕೇಳುವವನ ಮುಖವೇ. ಅದಿಲ್ಲದೆ ನಾನು ಏನು ಜೋಡಿಸಲಿ?

ಇನ್ನೊಂದು ಕಡೆಯೂ ಇದೇ ಕಥೆ. ಸಿನಿಮಾ ಡಿಜಿಟಲ್ ಆದರೂ ಹಿನ್ನೆಲೆ ಸಂಗೀತಕ್ಕೆ, ಮಿಕ್ಸಿಂಗ್‌ಗೆ ನಾವು ಈಗಲೂ ರೀಲ್ ಲೆಕ್ಕದಲ್ಲೇ ಕಳಿಸುತ್ತೇವೆ. ಸುಮಾರು ಇಪ್ಪತ್ತು ನಿಮಿಷಕ್ಕೆ ಒಂದು ರೀಲ್, ಒಂದು ಸಿನಿಮಾಗೆ ಆರೋ ಏಳೋ. ಒಂದನೇ ರೀಲ್ ಮೊದಲು ಹೋಗುತ್ತದೆ, ಆಮೇಲೆ ಎರಡನೆಯದು. ಸಂಗೀತ ನಿರ್ದೇಶಕರು ಮೊದಲ ರೀಲ್‌ಗೆ ಹತ್ತು ದಿನ ತಗೊಳ್ಳುತ್ತಾರೆ. ನಾಲ್ಕನೆಯದಕ್ಕೆ ನಾಲ್ಕು ದಿನ. ಕೊನೆಯದಕ್ಕೆ ಒಂದು ರಾತ್ರಿ. ಕಥೆಯೆಲ್ಲ ಬಂದು ಸೇರುವ ರೀಲ್‌ಗೆ ಸಿಗುವುದು ಎಲ್ಲಕ್ಕಿಂತ ಕಡಿಮೆ ಹೊತ್ತು.

ನಾನೇ ಕಂಡ ಒಂದು ರಾತ್ರಿ ಹೇಳುತ್ತೇನೆ. ಸಿನಿಮಾ ಯಾವುದು, ಯಾರದು ಅನ್ನುವುದು ಬೇಡ. ಶುಕ್ರವಾರ ಬಿಡುಗಡೆ. ಕೊನೆಯ ರೀಲ್ ಲಾಕ್ ಆಗಿದ್ದು, ಅಂದರೆ ಎಡಿಟಿಂಗ್ ಮುಗಿದಿದ್ದು, ಭಾನುವಾರ. ಅದರಲ್ಲಿ ಒಂದು ಸೀನ್ ಇತ್ತು. ಮಗಳು ಹತ್ತು ವರ್ಷದ ಮೇಲೆ ಮನೆಗೆ ಬರುತ್ತಾಳೆ. ಅಪ್ಪ ಬಾಗಿಲು ತೆಗೆದು, ಏನೂ ಮಾತಾಡದೆ, ಒಳಗೆ ಹೋಗಿ ಒಲೆ ಮೇಲೆ ಅನ್ನಕ್ಕೆ ನೀರಿಡುತ್ತಾನೆ. ಅಷ್ಟೇ. ಆ ನಟರು ಎಷ್ಟು ಚೆನ್ನಾಗಿ ಮಾಡಿದ್ದರು ಅಂದರೆ ಎಡಿಟ್ ಮಾಡುವಾಗ ನನ್ನ ಅಸಿಸ್ಟೆಂಟ್ ಹುಡುಗ ಎದ್ದು ಹೊರಗೆ ಹೋಗಿ ನಿಂತಿದ್ದ. ಅಲ್ಲಿ ಸಂಗೀತ ಬೇಡ, ನೀರು ಬೀಳುವ ಸದ್ದು, ಒಲೆಯ ಸದ್ದು ಸಾಕು ಅಂತ ನಿರ್ದೇಶಕರೂ ನಾನೂ ಮಾತಾಡಿಕೊಂಡಿದ್ದೆವು. ಆದರೆ ಸದ್ದಿನಲ್ಲೇ ಸೀನ್ ನಿಲ್ಲಬೇಕಾದರೆ ಆ ಸದ್ದುಗಳನ್ನು ಬೇರೆಯಾಗಿ ರೆಕಾರ್ಡ್ ಮಾಡಬೇಕು, ಪದರ ಪದರವಾಗಿ ಜೋಡಿಸಬೇಕು. ಅದಕ್ಕೆ ಎರಡು ದಿನ ಬೇಕಿತ್ತು. ಇದ್ದಿದ್ದು ಬುಧವಾರದ ಒಂದು ರಾತ್ರಿ. ಸಿನಿಮಾ ಅಪ್‌ಲೋಡ್ ಆಗಬೇಕು, ಥಿಯೇಟರ್‌ಗಳ ಸರ್ವರ್ ತೆರೆಯುವ ಕೀ ಹೊರಡಬೇಕು. ಮೂರು ಗಂಟೆ ರಾತ್ರಿಯಲ್ಲಿ, ಎರಡನೇ ರೀಲ್‌ನಲ್ಲಿ ಬಳಸಿದ್ದ ಪಿಟೀಲನ್ನೇ ತಂದು ಆ ಸೀನಿನ ಮೇಲೆ ಹಾಸಿದರು. ಶುಕ್ರವಾರ ಥಿಯೇಟರ್‌ನಲ್ಲಿ ಕೂತು ನೋಡಿದೆ. ಪಿಟೀಲು ಶುರುವಾದ ಕೂಡಲೇ ‘ಈಗ ಅಳುವ ಸೀನು’ ಅಂತ ಜನಕ್ಕೆ ಗೊತ್ತಾಗಿಬಿಟ್ಟಿತು. ಮುಂದಿನ ಸಾಲಿನಲ್ಲಿ ಎರಡು ಮೊಬೈಲ್ ಬೆಳಗಿದವು. ಆ ಅಪ್ಪನ ಪಾತ್ರ ಮಾಡಿದವರ ಮುಖ ನನಗೆ ಈಗಲೂ ಕಣ್ಣ ಮುಂದೆ ಬರುತ್ತದೆ.

ಹಾಗಾದರೆ ಡೇಟ್ ಒಂದು ವಾರ ಮುಂದೂಡಬಾರದಾ? ಆಗುವುದಿಲ್ಲ. ಸಿಂಗಲ್ ಸ್ಕ್ರೀನ್‌ಗಳಲ್ಲಿ ಬಹಳ ಕಡೆ ವಾರದ ಬಾಡಿಗೆ ಪದ್ಧತಿ ಇದೆ. ನಿರ್ಮಾಪಕರು ಬಾಡಿಗೆ ಕಟ್ಟಿ ಥಿಯೇಟರ್ ಹಿಡಿದಿರುತ್ತಾರೆ. ಮುಂದಿನ ವಾರ ದೊಡ್ಡ ಹೀರೋ ಸಿನಿಮಾ ಬರುತ್ತದೆ, ಇಲ್ಲ ಪಕ್ಕದ ಭಾಷೆಯ ದೊಡ್ಡ ಸಿನಿಮಾ ಬರುತ್ತದೆ. ಮಾರ್ಚ್‌ನಲ್ಲಿ ಪರೀಕ್ಷೆ, ಆಮೇಲೆ ಐಪಿಎಲ್. ನಮ್ಮಲ್ಲಿ ಈಚೆಗೆ ವರ್ಷಕ್ಕೆ 200ಕ್ಕೂ ಜಾಸ್ತಿ ಕನ್ನಡ ಸಿನಿಮಾ ಬರುತ್ತಿವೆ. ವರ್ಷಕ್ಕೆ ಇರುವುದು 52 ಶುಕ್ರವಾರ. ಕೈತಪ್ಪಿದ ಶುಕ್ರವಾರ ಮತ್ತೆ ಸಿಗುವುದಿಲ್ಲ.

ಮಲ್ಟಿಪ್ಲೆಕ್ಸ್‌ಗಳ ಹಂಚಿಕೆ ಲೆಕ್ಕವೂ ಇದೇ ದಿಕ್ಕಿಗೆ ತಳ್ಳುತ್ತದೆ. 2009ರಲ್ಲಿ ಹಿಂದಿ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್‌ನವರಿಗೂ ಜಗಳವಾಗಿ ಸುಮಾರು ಎರಡು ತಿಂಗಳು ಹೊಸ ಹಿಂದಿ ಸಿನಿಮಾಗಳು ಅಲ್ಲಿ ಬಿಡುಗಡೆ ಆಗಲಿಲ್ಲ. ಕೊನೆಗೆ ಆದ ಒಪ್ಪಂದ ಹೀಗಿತ್ತು: ಮೊದಲ ವಾರದ ಗಳಿಕೆಯಲ್ಲಿ ಸಿನಿಮಾದವರಿಗೆ ಶೇ. 50, ಎರಡನೇ ವಾರ ಶೇ. 42.5, ಮೂರನೇ ವಾರ ಶೇ. 37.5, ಆಮೇಲೆ ಶೇ. 30. ಅಂದರೆ ಅದೇ ಟಿಕೆಟ್ ಮೊದಲ ವಾರ ಹರಿದರೆ ಅರ್ಧ ನಿಮ್ಮದು, ನಾಲ್ಕನೇ ವಾರ ಹರಿದರೆ ಮೂರನೇ ಒಂದು ಭಾಗವೂ ಇಲ್ಲ. ಈ ಲೆಕ್ಕ ಕಣ್ಣ ಮುಂದೆ ಇರುವ ನಿರ್ಮಾಪಕರು ನಾಲ್ಕನೇ ವಾರಕ್ಕೆ ಜನ ತರುವ ಸಿನಿಮಾ ಮಾಡುತ್ತಾರೋ, ಮೊದಲ ಮೂರು ದಿನಕ್ಕೆ ಜನ ತರುವ ಸಿನಿಮಾ ಮಾಡುತ್ತಾರೋ? ಮೊದಲ ಮೂರು ದಿನಕ್ಕೆ ಜನ ತರುವುದು ಹೀರೋ, ಹಾಡು, ಟ್ರೇಲರ್. ನಾಲ್ಕನೇ ವಾರಕ್ಕೆ ಜನ ತರುವುದು ಕಥೆಯ ಕೊನೆ. ಯಾಕೆಂದರೆ ಸಿನಿಮಾ ನೋಡಿ ಹೊರಗೆ ಬಂದವನ ಬಾಯಲ್ಲಿ ಉಳಿಯುವುದು ಕೊನೆಯ ಅರ್ಧ ಗಂಟೆ.

ಹಿಂದೆ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಆಗಲೂ ಸಾಲ ಇತ್ತು, ಮನೆ ಮಾರಿಕೊಂಡವರೂ ಇದ್ದರು. ಆದರೆ ಒಂದು ದೊಡ್ಡ ಅನುಕೂಲ ಇತ್ತು. ಈ ಮಾತು ಯಾರೂ ಹೇಳುವುದು ನಾನು ಕೇಳಿಲ್ಲ, ಅದಕ್ಕೆ ಹೇಳುತ್ತೇನೆ. ಅಂದಿನ ಒಳ್ಳೆಯ ಕನ್ನಡ ಸಿನಿಮಾಗಳಲ್ಲಿ ಎಷ್ಟು ಕಾದಂಬರಿಯಿಂದ ಬಂದವು ನೋಡಿ. ಪುಟ್ಟಣ್ಣ ಕಣಗಾಲ್ ಅವರ ‘ಬೆಳ್ಳಿಮೋಡ’, ‘ಶರಪಂಜರ’ ಎರಡೂ ತ್ರಿವೇಣಿ ಅವರ ಕಾದಂಬರಿ. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು. 1972ರ ‘ನಾಗರಹಾವು’ ತ.ರಾ.ಸು. ಅವರ ಮೂರು ಕಾದಂಬರಿಗಳಿಂದ. ಅದೇ ವರ್ಷದ ‘ಬಂಗಾರದ ಮನುಷ್ಯ’ ಟಿ.ಕೆ. ರಾಮರಾವ್ ಅವರದು. ಕಾದಂಬರಿ ಕೈಗೆ ಸಿಗುವಾಗ ಕಥೆಯ ಕೊನೆ ಬರೆದು ಮುಗಿದಿರುತ್ತದೆ. ಓದುಗರು ಓದಿ, ಅತ್ತು, ಜಗಳಾಡಿ, ಕಾಗದ ಬರೆದಿರುತ್ತಾರೆ. ಬಡ್ಡಿ ಶುರುವಾಗುವ ಮೊದಲೇ ಬರವಣಿಗೆಯ ಕಾಲ ಕಳೆದಿರುತ್ತದೆ. ಆ ಕಾಲಕ್ಕೆ ನಿರ್ಮಾಪಕ ಒಂದು ಪೈಸೆ ಬಡ್ಡಿ ಕಟ್ಟಿಲ್ಲ. ಇವತ್ತು ಸಿನಿಮಾದವರು ಕಾದಂಬರಿ ಓದುವುದು ಬಿಟ್ಟಿದ್ದೇವೆ. ಅದರ ಜೊತೆಗೆ ಆ ಪುಕ್ಕಟೆ ಸಿಗುತ್ತಿದ್ದ ಕಾಲವನ್ನೂ ಬಿಟ್ಟುಕೊಟ್ಟಿದ್ದೇವೆ.

ನಿಧಾನವಾಗಿ ಬೆಳೆಯಲು ಜಾಗ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕಣ್ಣ ಮುಂದೆಯೇ ‘ಮುಂಗಾರು ಮಳೆ’ ಇದೆ. 2006ರ ಡಿಸೆಂಬರ್ ಕೊನೆಯಲ್ಲಿ ಬಂತು. ದೊಡ್ಡ ಹೀರೋ ಇರಲಿಲ್ಲ. ನೋಡಿದವರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ ಬೆಳೆದ ಸಿನಿಮಾ ಅದು. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವರ್ಷ ದಾಟಿ ಓಡಿತು. ಆಮೇಲೆ ಆಗಿದ್ದು ನಿಮಗೂ ನೆನಪಿರಬಹುದು. ಮಳೆ, ಮಲೆನಾಡು, ಪಟಪಟ ಮಾತಾಡುವ ಹುಡುಗ, ಸಿಗದೆ ಹೋಗುವ ಹುಡುಗಿ. ಎರಡು ಮೂರು ವರ್ಷ ಅದೇ ಅದೇ. ಗೆದ್ದ ಸಿನಿಮಾದಿಂದ ಮಳೆಯನ್ನು ಎತ್ತಿಕೊಂಡರು. ಗೆಲ್ಲಿಸಿದ ತಾಳ್ಮೆಯನ್ನು ಎತ್ತಿಕೊಳ್ಳಲಿಲ್ಲ. ‘ಈಗ ಏನು ಓಡ್ತಿದೆ’ ಅಂತ ನೋಡಿ ಸಾಲ ಕೊಡುವವರು ಇರುವವರೆಗೂ ಇದು ಹೀಗೇ. ಈಗ ಓಡುತ್ತಿರುವ ಸಿನಿಮಾ ಎರಡು ವರ್ಷ ಹಿಂದೆ ಯಾರೋ ಯೋಚನೆ ಮಾಡಿದ್ದು. ಅದನ್ನು ನೋಡಿ ಇವತ್ತು ಶುರು ಮಾಡಿದರೆ ನಮ್ಮದು ಬರುವುದು ಇನ್ನು ಎರಡು ವರ್ಷಕ್ಕೆ. ಅಷ್ಟರಲ್ಲಿ ಜನ ಬೇರೆ ಕಡೆ ಹೋಗಿರುತ್ತಾರೆ.

ಟಿವಿ, ಓಟಿಟಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸಿನಿಮಾ ನೋಡದೆಯೇ ಹೀರೋ ಹೆಸರಿನ ಮೇಲೆ ರೈಟ್ಸ್ ಕೊಳ್ಳುತ್ತಿದ್ದ ಕಾಲದಲ್ಲಿ, ರೈಟ್ಸ್ ದುಡ್ಡಿಗೆ ಸರಿಹೊಂದುವ ಹಾಗೆ ಸಿನಿಮಾ ಮಾಡಿದವರಿದ್ದರು. ಸರ್ಕಾರದ ಸಬ್ಸಿಡಿಗೋಸ್ಕರವೇ ಮಾಡಿದವರೂ ಇದ್ದಾರೆ. ಕೋವಿಡ್ ಸಮಯದಲ್ಲಿ ಓಟಿಟಿಯವರು ಕೊಂಡರು, ಆಮೇಲೆ ಕೈ ಬಿಗಿ ಹಿಡಿದರು. ರಕ್ಷಿತ್ ಶೆಟ್ಟಿ ಅವರಂಥ ಹೆಸರಿರುವವರು ನಿರ್ಮಿಸಿದ ‘ಏಕಂ’ ಸರಣಿಗೇ ಓಟಿಟಿ ಸಿಗದೆ, 2024ರ ಜುಲೈನಲ್ಲಿ ಅವರದೇ ವೆಬ್‌ಸೈಟ್‌ನಲ್ಲಿ ಬಿಡುಗಡೆ ಮಾಡಬೇಕಾಯಿತು. ಹೊಸಬರ ಗತಿ ಯೋಚನೆ ಮಾಡಿ. ಥಿಯೇಟರ್‌ಗೆ ಬಂದ ನಾಲ್ಕು ವಾರಕ್ಕೆ ಸಿನಿಮಾ ಮನೆಗೇ ಬರುತ್ತದೆ ಅಂತಾದರೆ ನಿಧಾನವಾಗಿ ಬೆಳೆಯುವುದಕ್ಕೂ ಇರುವುದು ಆ ನಾಲ್ಕೇ ವಾರ.

ಪ್ಯಾನ್ ಇಂಡಿಯಾ ಆಸೆಯೂ ಕಥೆಯ ಹೊತ್ತನ್ನು ತಿನ್ನುತ್ತದೆ. ‘ಕಾಂತಾರ’ 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಬಂತು. ಹಿಂದಿಗೆ ಹೋಗಿದ್ದು ಎರಡು ವಾರ ಕಳೆದು, ಇಲ್ಲಿ ಜನ ಒಪ್ಪಿಕೊಂಡ ಮೇಲೆ. ಕರಾವಳಿಯ ದೈವದ ಕಥೆಯನ್ನು ಮೊದಲು ಇಲ್ಲಿಯವರಿಗೆ ಅಂತಲೇ ಮಾಡಿದ್ದರು. ಅದರ ಗೆಲುವು ನೋಡಿ ಈಗ ಕೆಲವರು ಕಥೆಗೆ ಕೂರುವ ಮೊದಲೇ ಐದು ಭಾಷೆಯ ಪೋಸ್ಟರ್ ಮಾಡಿಸುತ್ತಾರೆ. ಆಮೇಲೆ ಪಾತ್ರಕ್ಕೆ ಊರೇ ಇರುವುದಿಲ್ಲ.

ಇಷ್ಟೆಲ್ಲ ಓದಿ ನಿರ್ಮಾಪಕರೇ ಕೆಟ್ಟವರು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ರಾಜ್‌ಕುಮಾರ್ ಅವರು ನಿರ್ಮಾಪಕರನ್ನು ಅನ್ನದಾತರು ಅಂತಿದ್ದರು. ಅದು ಸರಿಯಾದ ಮಾತು. ನೂರಾರು ಮನೆಯ ಒಲೆ ಉರಿಯುವುದು ಅವರ ದುಡ್ಡಿನಿಂದ. ಬಿಡುಗಡೆಯ ಹಿಂದಿನ ರಾತ್ರಿ ಹೆಂಡತಿಯ ಒಡವೆ ಅಡವಿಟ್ಟು ಬಾಕಿ ಕಟ್ಟಿದವರನ್ನು ನಾನು ನೋಡಿದ್ದೇನೆ. ಅಂಥವರಿಗೆ ಹೋಗಿ ಕಲೆಯ ಪಾಠ ಹೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಅವರೂ ಬಡ್ಡಿಯ ಗಡಿಯಾರಕ್ಕೆ ಕಟ್ಟಿಹಾಕಿಕೊಂಡವರೇ.

ಕಡಿಮೆ ದುಡ್ಡೇ ತೊಂದರೆ ಅನ್ನುವುದೂ ಸುಳ್ಳು. ‘ತಿಥಿ’ ನೋಡಿರುತ್ತೀರಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಊರಿನವರೇ ನಟಿಸಿದರು. ನಿರ್ದೇಶಕ ರಾಮ್ ರೆಡ್ಡಿ ಅವರ ಜೊತೆ ಬರೆದ ಈರೇಗೌಡರಿಗೆ ಆ ಊರು, ಆ ಜನ ಹೊಸದಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ತಂದಿತು. ಆ ಸಿನಿಮಾದಲ್ಲಿ ಸೆಕೆಂಡ್ ಹಾಫ್ ಎಲ್ಲಾದರೂ ಬಿತ್ತಾ? ಊರಿನವರ ಮಾತು, ನಡಿಗೆ, ಬೈಗುಳ ಎಲ್ಲವನ್ನೂ ಹತ್ತಿರದಿಂದ ಗೊತ್ತು ಮಾಡಿಕೊಂಡು ಬರೆದಿದ್ದರು. ಅದು ಕೊನೆಯ ಫ್ರೇಮಿನವರೆಗೂ ಕಾಣುತ್ತದೆ.

ಅವಸರವಿಲ್ಲದ ದುಡ್ಡು ಎಲ್ಲಿಂದ ತರುವುದು ಅನ್ನುವುದಕ್ಕೂ ದಾರಿಗಳು ಇದ್ದವು. 1976ರ ‘ಮಂಥನ್’ಗೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿದರು. ಶ್ಯಾಮ್ ಬೆನೆಗಲ್ ನಿರ್ದೇಶನ, ಮುಖ್ಯ ಪಾತ್ರದಲ್ಲಿ ನಮ್ಮ ಗಿರೀಶ ಕಾರ್ನಾಡರು. ನಮ್ಮಲ್ಲೇ ಪವನ್ ಕುಮಾರ್ ಅವರ ‘ಲೂಸಿಯಾ’ಗೆ ಸುಮಾರು 110 ಜನ ದುಡ್ಡು ಹಾಕಿದರು. 2013ರಲ್ಲಿ ಬಿಡುಗಡೆ ಆಯಿತು. ಒಬ್ಬ ಫೈನಾನ್ಸರ್ ಬಂದು ‘ಒಂದು ಐಟಂ ಸಾಂಗ್ ಹಾಕಿ’ ಅನ್ನುವಂತಿರಲಿಲ್ಲ. ನೂರು ಜನ ಸ್ವಲ್ಪ ಸ್ವಲ್ಪ ಹಾಕಿದರೆ ಯಾರ ಮನೆಯೂ ಹರಾಜಿಗೆ ಬರುವುದಿಲ್ಲ. ಹಾಗಾಗಿ ಭಯವೂ ಕಡಿಮೆ. ಭಯ ಕಡಿಮೆ ಆದಾಗ ಕಥೆ ಹೇಳುವವನು ಸ್ವಲ್ಪ ಉಸಿರಾಡುತ್ತಾನೆ. ಆದರೆ ಇದನ್ನು ಪ್ರತಿ ಸಿನಿಮಾಗೂ ಮಾಡಲು ಆಗುವುದಿಲ್ಲ. ಅದೂ ನಿಜ.

ಈಗ ನಿಮ್ಮ ತಮ್ಮನ ವಿಷಯ. ಸೈಟ್ ಮಾರಿದ ದುಡ್ಡು ಅಂದಿರಿ, ಹಾಗಾಗಿ ಮೊದಲು ಒಂದು ಮಾತು. ಹೋದರೂ ಮನೆ ನಡೆಯುತ್ತದೆ ಅನ್ನುವಷ್ಟನ್ನು ಮಾತ್ರ ಹಾಕಲಿ. ಉಳಿದ ದುಡ್ಡು ಎಲ್ಲಿಂದ ಬರುತ್ತಿದೆ, ಎಷ್ಟು ರೂಪಾಯಿ ಬಡ್ಡಿ, ಯಾವತ್ತಿನಿಂದ ಓಡುತ್ತದೆ ಅಂತ ಕೇಳಲಿ. ಹೀರೋ ಯಾರು ಅನ್ನುವುದಕ್ಕಿಂತ ಮುಖ್ಯವಾದ ಪ್ರಶ್ನೆ ಅದು. ಬರವಣಿಗೆ ಮುಗಿಯುವ ಮೊದಲೇ ಸಾಲ ತಂದಿದ್ದರೆ ಹುಷಾರು. ಬಿಡುಗಡೆ ಡೇಟ್ ಆಗಲೇ ಪೋಸ್ಟರ್‌ನಲ್ಲಿ ಇದ್ದರೆ ಇನ್ನೂ ಹುಷಾರು. ಫಸ್ಟ್ ಕಾಪಿ, ಅಂದರೆ ಪೂರ್ತಿ ಸಿದ್ಧವಾದ ಸಿನಿಮಾ, ನೋಡಿದ ಮೇಲೆ ಡೇಟ್ ಹೇಳುತ್ತೇವೆ ಅನ್ನುವ ತಂಡ ಸಿಕ್ಕರೆ ಒಳ್ಳೆಯದು. ಬರೆಯುವವರಿಗೆ ಎಷ್ಟು ಕೊಡುತ್ತಿದ್ದಾರೆ ಅಂತಲೂ ಬಜೆಟ್ ಹಾಳೆಯಲ್ಲಿ ನೋಡಲಿ. ಊಟ, ತಿಂಡಿಯ ಸಾಲಿಗಿಂತ ಬರವಣಿಗೆಯ ಸಾಲಿನಲ್ಲಿ ಕಡಿಮೆ ಇದ್ದರೆ ಅಲ್ಲಿಯೇ ಮಾತು ನಿಲ್ಲಿಸಬಹುದು. ಹಾಗಿರುವ ಹಾಳೆಗಳನ್ನು ನಾನು ನೋಡಿದ್ದೇನೆ.

ಹಿನ್ನೆಲೆ ಸಂಗೀತವನ್ನು ಕೊನೆಯ ರೀಲ್‌ನಿಂದ ಶುರು ಮಾಡುತ್ತೀರಾ ಅಂತಲೂ ಒಂದು ಸಲ ಕೇಳಲಿ. ಹೊಸದಾಗಿ ದುಡ್ಡು ಹಾಕುವವರು ಹೀಗೆ ಕೇಳಿದರೆ ಅವರಿಗೆ ಆಶ್ಚರ್ಯ ಆಗಬಹುದು. ಈಗ ನಾನು ಹೋದಲ್ಲೆಲ್ಲ ಇದನ್ನು ಬೇಡಿಕೊಳ್ಳುತ್ತೇನೆ. ಈಚೆಗೆ ಒಬ್ಬ ಹುಡುಗಿ, ಮೊದಲನೇ ಸಿನಿಮಾ ಮಾಡುತ್ತಿರುವವಳು, ಒಪ್ಪಿದಳು. ಆರನೇ ರೀಲ್ ಮೊದಲು ಹೋಯಿತು. ಅದಕ್ಕೆ ಒಂಬತ್ತು ದಿನ ಸಿಕ್ಕಿತು.

ಕಡೆಯದಾಗಿ, ನಿಮ್ಮ ತಮ್ಮ ಆ ಗೆಳೆಯನನ್ನು ಮನೆಗೆ ಕರೆಯಲಿ. ಭಾನುವಾರ ಮಧ್ಯಾಹ್ನ ಊಟ ಹಾಕಲಿ, ಫೋನ್ ಪಕ್ಕಕ್ಕೆ ಇಡಲಿ. ‘ಎಂಟ್ರಿ, ಇಂಟರ್‌ವಲ್ ಎಲ್ಲ ಆಮೇಲೆ ಕೇಳ್ತೀನಿ. ಕೊನೆಯ ಅರ್ಧ ಗಂಟೆ ಹೇಳು, ಒಂದೊಂದೇ ಸೀನು’ ಅನ್ನಲಿ. ಅವನು ಹೇಳುವಾಗ ನಿಮ್ಮ ಚಿಕ್ಕಮ್ಮನನ್ನೂ ಹತ್ತಿರ ಕೂರಿಸಿಕೊಳ್ಳಿ. ಅವರು ಪಾತ್ರೆ ತೊಳೆಯಲು ಎದ್ದು ಹೋಗದೆ ಕೊನೆಯವರೆಗೂ ಕೂತರಾ ಅಂತ ನೋಡಿ, ನನಗೂ ಒಂದು ಸಾಲು ಬರೆಯಿರಿ.